ಮಡಿಲಲ್ಲಿ ಮೂರು ಚಕ್ರ

ನನ್ನ ಗಂಡನ ಬಲಗೈಯೂ ಮಾತೂ ಒಂದೇ ಬೆಳಿಗ್ಗೆ ಹೋದವು. ಪರ್ಕಳದಲ್ಲಿ ನಮ್ಮದು ಸಾಣೆ ಹಿಡಿಯುವ ಸಣ್ಣ ಅಂಗಡಿ; ಹಿಂದಿನ ಕೋಣೆಯಲ್ಲೇ ವಾಸ. ಕ್ಷೌರದವರ ಕತ್ತರಿ, ಮೀನು ಮಾರುವವರ ಚೂರಿ, ಬಡಗಿಗಳ ಉಳಿ ಎಲ್ಲವೂ ಅವರ ಕೈಗೇ ಬರುತ್ತಿದ್ದವು. ನನ್ನದು ಒರೆಸಿ, ಎಣ್ಣೆ ಹಚ್ಚಿ, ಕಾಗದ ಸುತ್ತಿ ಕೊಡುವ ಕೆಲಸ. ಮಣಿಪಾಲದ ಆಸ್ಪತ್ರೆಯಿಂದ ಅವರನ್ನು ಮನೆಗೆ ಕರೆತಂದಾಗ ಬಾಯಲ್ಲಿ ಉಳಿದಿದ್ದದ್ದು 'ಇಲ್ಲ' ಎಂಬ ಶಬ್ದ ಮಾತ್ರ. ನೀರು ಬೇಕಾ ಎಂದರೂ ಇಲ್ಲ, ಬೇಡವಾ ಎಂದರೂ ಇಲ್ಲ.

ಅಂಗಡಿ ತೆರೆಯದೆ ಬೇರೆ ದಾರಿ ಇರಲಿಲ್ಲ. ಯಂತ್ರದ ಒಂದು ಬದಿಗೆ ಕಲ್ಲಿನ ಚಕ್ರವಿತ್ತು. ಇನ್ನೊಂದು ಬದಿಯ ಮೃದು ಚಕ್ರ ಸವೆದು ಹೋಗಿತ್ತೆಂದು ಅವರೇ ಬಿಚ್ಚಿ ಎಸೆದಿದ್ದರು. ಹೊಸದು ತರುವ ಮೊದಲೇ ಲಕ್ವ ಹೊಡೆದು ಬಿದ್ದರು. ಕಲ್ಲಿಗೆ ಹಿಡಿದ ಮೇಲೆ ಅಲಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಲೋಹ ಮಡಚಿಕೊಂಡು ನಿಲ್ಲುತ್ತದೆ. ಅದನ್ನು ತೆಗೆದು ಅಂಚು ನುಣುಪು ಮಾಡುವುದು ಆ ಮೃದು ಚಕ್ರ. ನಾನು ಬರೀ ಕಲ್ಲಿಗೆ ಹಿಡಿದುಕೊಟ್ಟ ಕತ್ತರಿಯನ್ನು ಕ್ಷೌರದವರೊಬ್ಬರು ಮರುದಿನವೇ ತಂದು ತೋರಿಸಿದರು. "ಕೂದಲು ಎಳೆಯುತ್ತದೆ," ಎಂದರು. ಬೈಯಲಿಲ್ಲ. ಮತ್ತೆ ಬರಲೂ ಇಲ್ಲ.

ಚಕ್ರ ತರಲು ಉಡುಪಿಗೆ ಹೋದೆ.

"ಎಂತದ್ದು ಬೇಕು?" ಅಂಗಡಿಯವರು ಕೇಳಿದರು. "ಉಣ್ಣೆ ಒತ್ತಿ ಮಾಡಿದ ಫೆಲ್ಟಿನದ್ದುಂಟು, ಚರ್ಮದ್ದುಂಟು, ರಬ್ಬರಿನದ್ದೂ ಉಂಟು."

"ನಮ್ಮವರು ಹಾಕುತ್ತಿದ್ದದ್ದು."

"ಅದು ನನಗೆ ಹೇಗೆ ಗೊತ್ತಾಗಬೇಕು? ಹಳೆಯದನ್ನು ತರಲಿಲ್ವಾ?"

ನನ್ನ ಮುಖ ನೋಡಿಯೋ ಏನೋ, ಮೂರನ್ನೂ ಚೀಲಕ್ಕೆ ಹಾಕಿದರು. "ಅವರಿಗೇ ತೋರಿಸಿ. ಬೇಡದ್ದನ್ನು ವಾಪಸ್ ತನ್ನಿ."

ಮನೆಗೆ ಬಂದು ಮೂರನ್ನೂ ಅವರ ಮಡಿಲಲ್ಲಿಟ್ಟೆ.

"ಇದಾ?"

"ಇಲ್ಲ."

"ಹಾಗಾದರೆ ಇದಾ?"

"ಇಲ್ಲ."

ಕೇಳುತ್ತ ಕೇಳುತ್ತ ನನ್ನ ಸ್ವರ ಏರಿತು. ಅವರ ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಕೊನೆಗೆ ಎಡಗೈ ಚರ್ಮದ ಚಕ್ರವನ್ನು ಗಟ್ಟಿಯಾಗಿ ಹಿಡಿಯಿತು. ಆರಿಸಿದ್ದೋ, ಸುಮ್ಮನೆ ಹಿಡಿದದ್ದೋ? ಕಾಯಿಲೆ ಬಂದ ಮೇಲೆ ಆ ಕೈ ಸಿಕ್ಕಿದ್ದನ್ನೆಲ್ಲ ಹಾಗೆಯೇ ಹಿಡಿಯುತ್ತಿತ್ತು, ಹೊದಿಕೆಯನ್ನು, ನನ್ನ ಸೆರಗನ್ನು. ಉಳಿದೆರಡನ್ನು ವಾಪಸ್ ಕೊಟ್ಟು ಬಂದೆ.

ಮೊದಲು ಬಂದವಳು ಕಾಪುವಿನಿಂದ ಮೀನು ತಂದು ಮಾರುವ ಹೆಂಗಸು, ನಮ್ಮ ಹಳೆಯ ಗಿರಾಕಿ. ಅವಳ ಚೂರಿಯನ್ನು ಕಲ್ಲಿಗೆ ಹಿಡಿದೆ. ಅದೇ ರೀತಿ, ಅಲಗನ್ನು ತಿರುಗುವ ಚಕ್ರಕ್ಕೆ ಎದುರಾಗಿಟ್ಟು, ಚರ್ಮಕ್ಕೂ ಒತ್ತಿದೆ. ಚರ್ಮ ಅಲಗನ್ನು ಕಚ್ಚಿತು. ಚೂರಿ ಕೈಯಿಂದ ಹಾರಿ ನಮ್ಮವರು ಕುಳಿತಿದ್ದ ಕುರ್ಚಿಯ ಕಾಲಿಗೆ ಬಡಿದು ಬಿತ್ತು.

ಮೀನಿನವಳೇ ಸ್ವಿಚ್ ಆರಿಸಿದಳು. ನಾನು ನೆಲದ ಮೇಲೆ ಕುಳಿತೆ.

"ನನ್ನಿಂದಾಗುವುದಿಲ್ಲ. ನಾಳೆಯಿಂದ ಬಾಗಿಲು ಹಾಕುತ್ತೇನೆ."

"ಮತ್ತೆ ಗಂಜಿಗೆ ಎಂತ ಮಾಡುವುದು?" ಎಂದಳು.

ಅವರು ಎಡಗೈಯಿಂದ ಕುರ್ಚಿಯ ತೋಳನ್ನು ಬಡಿಯುತ್ತಿದ್ದರು. ಅವಳು ಕುರ್ಚಿಯನ್ನು ಯಂತ್ರದ ಹತ್ತಿರಕ್ಕೆ ಎಳೆದು, ಚೂರಿಯನ್ನು ಎತ್ತಿ ನನ್ನ ಕೈಗಿಟ್ಟಳು. ನಿಂತಿದ್ದ ಚಕ್ರವನ್ನು ಅವರು ಬೆರಳಿನಿಂದ ತಿರುಗಿಸಿದರು. ಚೂರಿ ಹಿಡಿದ ನನ್ನ ಮಣಿಕಟ್ಟನ್ನು ಹಿಡಿದು ತಿರುವಿದರು. ಚಕ್ರ ಓಡುವ ಕಡೆಗೇ ಅಲಗಿನ ಬಾಯಿ ಇರಬೇಕು, ಎದುರಿಗಲ್ಲ. ನಾನು ತಿರುವಿದಾಗೆಲ್ಲ ಇಲ್ಲ, ಇಲ್ಲ ಎನ್ನುತ್ತಿದ್ದರು. ಸರಿಯೋ ತಪ್ಪೋ ಹೇಗೆ ತಿಳಿಯುವುದು? ಕಡೆಗೊಮ್ಮೆ ಕೈ ಬಿಟ್ಟರು. ಅದನ್ನೇ ಸರಿಯೆಂದುಕೊಂಡು ಸ್ವಿಚ್ ಹಾಕಿದೆ.

ಅವಳು ಚೂರಿಯನ್ನು ಉಗುರಿನ ಮೇಲಿಟ್ಟು ಹರಿತ ನೋಡಿದಳು. "ಮೀನಿಗೆ ಇಷ್ಟು ಸಾಕು," ಎಂದಳು.

ಈಗ ಚೂರಿಗಳು ಬರುತ್ತವೆ. ಕತ್ತರಿ ಯಾರೂ ತರುವುದಿಲ್ಲ. ಬೇಕಾಗಿದ್ದದ್ದು ಫೆಲ್ಟೋ ಚರ್ಮವೋ ರಬ್ಬರೋ, ಇಂದಿಗೂ ನನಗೆ ಗೊತ್ತಿಲ್ಲ. ಯಂತ್ರದ ಸದ್ದು ಕೇಳಿದರೆ ಅವರು ಎದ್ದು ಬರಲು ನೋಡುತ್ತಾರೆ. ಹಾಗೆ ಎದ್ದು ಬಿದ್ದದ್ದೂ ಉಂಟು. ಹಾಗಾಗಿ ಮೊದಲು ಹಳೆಯ ಸೀರೆಯಿಂದ ಅವರನ್ನು ಕುರ್ಚಿಗೆ ಕಟ್ಟುತ್ತೇನೆ. ಆಮೇಲೆ ಅವರ ಮುಖ ನೋಡದೆ ಸ್ವಿಚ್ ಹಾಕುತ್ತೇನೆ.