ಫೋಟೋದ ಮೂಲೆಯ ಮೊಣಕೈ

ಬೆಳಗಿನ ಐದೂಕಾಲು. ಕಲ್ಕತ್ತೆಯ ಡಮ್ ಡಮ್ ಜಂಕ್ಷನ್ನಿನಿಂದ ಮೊದಲ ಲೋಕಲ್ ರೈಲುಗಳು ಹೊರಟಾಗಿದೆ. ಹಳಿಯ ಪಕ್ಕದ ಓಣಿಯ ತುದಿಯಲ್ಲಿ ತಗಡಿನ ಮಾಡಿನ ಉದ್ದನೆಯ ಕಟ್ಟಡ. ಅದರ ಜಗಲಿಯಲ್ಲಿ ಇಂದುಮತಿ ಕರ್ಕಡ ಸೆರಗನ್ನು ಸೊಂಟಕ್ಕೆ ಬಿಗಿದು ಗಿಡ್ಡ ಮಣೆಯ ಮೇಲೆ ಕೂತಿದ್ದಾರೆ. ಎದುರಿನ ಬೆಂಚಿನಲ್ಲಿ ಹರಿಪದ ಎಂಬ ಮುದುಕ. ಎರಡೇ ಬೆರಳು ಉಳಿದಿರುವ ಅವನ ಬಲಗಾಲು ಬೋಗುಣಿಯ ನೀರಿನಲ್ಲಿ ನೆನೆಯುತ್ತಿದೆ. ಇಂದುಮತಿ ಅದನ್ನೆತ್ತಿ, ಒರಟಾದ ಚರ್ಮವನ್ನು ಕಲ್ಲಿನಿಂದ ಹದವಾಗಿ ಉಜ್ಜಿ, ಅಂಗಾಲನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ತಮ್ಮ ಅಂಗೈಯ ಹಿಂಬದಿಯನ್ನು ಅಲ್ಲಲ್ಲಿ ತಾಗಿಸುತ್ತಾರೆ. ಒಳಗೆಲ್ಲಾದರೂ ಕೀವು ಕಟ್ಟಿದ್ದರೆ ಆ ಜಾಗ ಬೆಚ್ಚಗಿರುತ್ತದೆ. ಕುಷ್ಠರೋಗ ಸ್ಪರ್ಶವನ್ನೇ ಕದ್ದೊಯ್ದ ಹರಿಪದನಿಗೆ ಅದು ಗೊತ್ತಾಗದು. ಅವನ ಕಾಲಿನ ನೋವನ್ನು ಅವನ ಬದಲು ಇವರು ಹುಡುಕಬೇಕು.

ಗಾಯವಿಲ್ಲ. ಇಂದುಮತಿ ಕಾಲನ್ನು ಒರೆಸಿ ಎಣ್ಣೆ ಹಚ್ಚುತ್ತಾರೆ. ಹರಿಪದ ಬಂಗಾಳಿಯಲ್ಲಿ ಕೇಳುತ್ತಾನೆ: "ಸುಪ್ರಭಾದಿ ಹೇಗಿದ್ದಾರೆ?"

ಎಣ್ಣೆಯ ಕೈ ಅಲ್ಲೇ ನಿಲ್ಲುತ್ತದೆ.

"ಕೇಳಿದ್ರಾ ಮಾರಾಯ್ರೆ?" ಇಂದುಮತಿ ಅವರನ್ನು ಕಾಣಲು ಬಂದ ನನ್ನತ್ತ ತಿರುಗಿ ಕನ್ನಡಕ್ಕೆ ಹೊರಳುತ್ತಾರೆ. "ಇಪ್ಪತ್ತೊಂಬತ್ತು ವರ್ಷದಿಂದ ಇವನ ಕಾಲು ತೊಳೆಯುದು ನಾನು. ವಿಚಾರಿಸುದು ಯಾರನ್ನ? ಅವರನ್ನ."

ಈ ಕಟ್ಟಡದಲ್ಲಿ ಕುಷ್ಠರೋಗಿಗಳನ್ನು ನೋಡಿಕೊಳ್ಳುವ 'ಸಮಾರ್ಯ ಸೇವಾ ಸಂಘ'ದ ಮುಖ್ಯಸ್ಥೆ ಇಂದುಮತಿಯವರಿಗೆ ಈಗ ಐವತ್ತೇಳು ವರ್ಷ. ಊರು ಉಡುಪಿ ಬಳಿಯ ಮಲ್ಪೆ. ತಂದೆ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ, ಭಾನುವಾರ ಚರ್ಚಿನ ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ನರ್ಸಿಂಗ್ ಮುಗಿಸಿದ ಮಗಳು ಸಭಾಪತ್ರಿಕೆಯೊಂದರ ಎರಡು ಸಾಲಿನ ಜಾಹೀರಾತು ನೋಡಿ ಕಲ್ಕತ್ತೆಗೆ ಹೊರಟಿದ್ದು ೧೯೭೮ರಲ್ಲಿ. ಅದು ಪ್ರವಾಹದ ವರ್ಷ. ಹೌರಾದಲ್ಲಿ ಇಳಿದ ಮೇಲೆ ಎರಡು ದಿನ ಸ್ಟೇಷನ್ನಿನಲ್ಲೇ ಕಳೆದು, ಮೂರನೆಯ ದಿನ ಸೊಂಟದ ಮಟ್ಟದ ನೀರಿನಲ್ಲಿ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಈ ಓಣಿಗೆ ಬಂದರು. ಬಾಗಿಲಲ್ಲಿ ನಿಂತು ಟ್ರಂಕು ಇಳಿಸಿಕೊಳ್ಳಲು ಕೈ ಚಾಚಿದವರು ಆಫೀಸಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಸುಪ್ರಭಾ ಬಾರೋಯಿ. ಇವರಿಗಿಂತ ಏಳು ವರ್ಷ ಹಿರಿಯರು. ಹಾಗಾಗಿ ಹೆಸರಿಗೆ 'ದಿ' ಸೇರಿತು. ಬಂಗಾಳದಲ್ಲಿ ಅಕ್ಕನನ್ನು ಕರೆಯುವುದು ಹಾಗೆ.

ಸಂಘವನ್ನು ಕಟ್ಟಿದ್ದ ಪಾದ್ರಿ ಅಮಲೇಂದು ಬಿಸ್ವಾಸರು ೧೯೮೩ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಇಂದುಮತಿ ದಿನಕ್ಕೆ ನಲವತ್ತು ಕಾಲು ತೊಳೆಯುತ್ತಿದ್ದರು, ಎಂಬತ್ತು ಪಟ್ಟಿ ಕಟ್ಟುತ್ತಿದ್ದರು, ಜ್ವರ ಬಂದವರ ಪಕ್ಕದಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ರೋಗಿಗಳ ಹೆಸರು, ಹೆಂಡಿರ ಹೆಸರು, ಬಿಟ್ಟುಹೋದ ಮಕ್ಕಳ ಹೆಸರು ಎಲ್ಲ ಬಾಯಿಪಾಠ. ಮುಂದಿನ ಮುಖ್ಯಸ್ಥೆ ತಾವೇ ಎಂದು ಅವರಿಗೆ ಸಂಶಯವೇ ಇರಲಿಲ್ಲ. ಸಂಘದ ಆಡಳಿತ ಮಂಡಳಿಯ ಸಭೆಯ ದಿನ ಉಡಲೆಂದು ಹೊಸ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದರು.

ಮಂಡಳಿ ಸುಪ್ರಭಾರನ್ನು ಆರಿಸಿತು.

"ಆ ಸೀರೆ ಉಡ್ಲೇ ಇಲ್ಲ. ಹರಿದು ಪಟ್ಟಿ ಮಾಡಿಬಿಟ್ಟೆ" ಎನ್ನುತ್ತಾರೆ ಇಂದುಮತಿ. "ಮೇಲಿಂದ ನಗ್ತಾ ಇದ್ದೆ. ಒಳಗೆ ಹೊಟ್ಟೆಕಿಚ್ಚು. ಪ್ರಾರ್ಥನೆಗೆ ಕೂತ್ರೂ ಅದೇ. ಕಣ್ಣು ಮುಚ್ಚಿದ್ರೆ ಯೇಸುಸ್ವಾಮಿ ಕಾಣಬೇಕಲ್ವಾ? ನಂಗೆ ಕಾಣುದು ಸುಪ್ರಭಾದಿಯ ಕುರ್ಚಿ."

ಅಲ್ಲಿಂದ ಮುಂದೆ ಅವರು ಸುಪ್ರಭಾರ ಒಂದೊಂದು ತಪ್ಪನ್ನೂ ಎಣಿಸತೊಡಗಿದರು. ಮುಖ್ಯಸ್ಥೆ ಜಗಲಿಗೆ ಬಂದು ಎಲ್ಲರನ್ನೂ ಮಾತನಾಡಿಸುತ್ತಾರೆ, ಆದರೆ ಯಾರ ಗಾಯವನ್ನೂ ಮುಟ್ಟುವುದಿಲ್ಲ. ಕತ್ತರಿ ಹಿಡಿಯುವುದಿಲ್ಲ. ಬಿಸಿನೀರಿನ ಹತ್ತಿರ ಸುಳಿಯುವುದಿಲ್ಲ. ರೋಗಿಗಳ ಅಡುಗೆಮನೆಯಿಂದ ಬಂದ ಚಹಾದ ಗ್ಲಾಸನ್ನು ಬರಿಗೈಯಲ್ಲಿ ಹಿಡಿಯದೆ ಸೆರಗು ಸುತ್ತಿ ಹಿಡಿಯುತ್ತಾರೆ. "ಅಷ್ಟು ಹೇಸಿಗೆ ಇದ್ದವರಿಗೆ ಈ ಕೆಲಸ ಯಾಕೆ ಅಂತ ಲೆಕ್ಕ ಹಾಕ್ತಿದ್ದೆ."

೧೯೮೬ರಲ್ಲಿ ಪಾಡಾದ ಕ್ಲಬ್ಬಿನವರು, ಅಂದರೆ ಕೇರಿಯ ಹುಡುಗರು, ಕಟ್ಟಡದ ಜಾಗ ತಮಗೆ ಬೇಕೆಂದು ಹಟ ಹಿಡಿದರು. ಕುಷ್ಠರೋಗಿಗಳು ಊರಾಚೆ ಹೋಗಲಿ ಎಂದು ಗೋಡೆಯ ಮೇಲೆ ಬರೆದರು. ಸುಪ್ರಭಾ ಏಳು ವಾರ ಬಿಡದೆ ವಾರ್ಡಿನಲ್ಲಿದ್ದ ಆಳುವ ಪಕ್ಷದ ಪಾರ್ಟಿ ಆಫೀಸಿಗೆ ನಡೆದರು. ಬೆಳಿಗ್ಗೆ ಹೋಗಿ ಕುರ್ಚಿಯಲ್ಲಿ ಕೂತರೆ ಸಂಜೆಗೇ ಏಳುವುದು. ಎಂಟನೆಯ ವಾರ ಆಫೀಸಿನವರೇ ಬಂದು ಗೋಡೆಗೆ ಸುಣ್ಣ ಬಳಿಸಿದರು; ಜೊತೆಗೆ ನಲ್ಲಿಯೂ ಬಂತು. ರೋಗಿಗಳು ಸುಪ್ರಭಾರಿಗೆ ಹಾರ ಹಾಕಿದರು. ಇಂದುಮತಿಯವರು ಆ ದಿನವೂ ಆ ನಲ್ಲಿಯ ನೀರಿನಲ್ಲೇ ಕಾಲು ತೊಳೆದರು. "ಕೂತು ಚಹಾ ಕುಡಿದದ್ದಕ್ಕೆ ಹಾರ. ನಂಗೆ ಬೆನ್ನು ನೋವು."

ಇನ್ನೂ ಉರಿ ಹತ್ತಿಸಿದ್ದು ಒಂದು ಫೋಟೋ. ಇಂದುಮತಿ ತಿಂಗಳಿಗೊಮ್ಮೆ ಕುಚಲಕ್ಕಿ, ಮೆಣಸು ತರಲು ಲೇಕ್ ಮಾರ್ಕೆಟ್ಟಿಗೆ ಹೋಗುವುದಿತ್ತು. ಅಲ್ಲಿ ಉಡುಪಿ ಕಡೆಯ ಮಧ್ವರಾಜರ ಹೋಟೆಲಿನಲ್ಲಿ ಒಂದು ದೋಸೆ ತಿಂದು, ಬಾಯ್ತುಂಬ ಕನ್ನಡ ಮಾತಾಡಿ ಬರುವ ರೂಢಿ. ೧೯೯೧ರ ಒಂದು ದಿನ ಹೋಟೆಲಿನ ಗೋಡೆಯಲ್ಲಿ ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಚಿತ್ರ ಕಂಡಿತು. ಜಗಲಿಯಲ್ಲಿ ರೋಗಿಗಳ ನಡುವೆ ನಿಂತು ನಗುತ್ತಿರುವ ಸುಪ್ರಭಾ.

"ನಿಮ್ಮ ಡಮ್ ಡಮ್ಮಿನವರೇ ಅಲ್ವಾ?" ಎಂದರು ಮಧ್ವರಾಜರು, ಭಕ್ತಿಯಿಂದ. "ಎಂಥ ಮಹಾತಾಯಿ ಮಾರಾಯ್ರೆ! ನೀವು ನೋಡಿದ್ದುಂಟಾ ಅವರನ್ನ?"

ಚಿತ್ರದ ಎಡಮೂಲೆಯಲ್ಲಿ ಒಂದು ಬೋಗುಣಿಯ ಅಂಚಿತ್ತು. ಅದರ ಮೇಲೆ ಬಾಗಿದ ಒಂದು ಮೊಣಕೈ. ಅದು ಇಂದುಮತಿಯದು.  ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮರುವರ್ಷ ಇನ್ನೊಂದು ಬಂಗಾಳಿ ಪತ್ರಿಕೆಯ ವರದಿಗಾರ ಸುಪ್ರಭಾರ ಬಗ್ಗೆ ಬರೆಯಲು ಬಂದ. ಅವರು ಸಾಲ್ಟ್ ಲೇಕಿನ ಸರ್ಕಾರಿ ಕಚೇರಿಗೆ ಹೋಗಿದ್ದರು. ಕಾಯುತ್ತ ಕೂತವನು ಇಂದುಮತಿಯವರನ್ನು ಮಾತಿಗೆಳೆದ. ಇಂದುಮತಿ ಒಂದು ಸುಳ್ಳನ್ನೂ ಹೇಳಲಿಲ್ಲ. ಮುಖ್ಯಸ್ಥೆ ಈ ಹದಿನಾಲ್ಕು ವರ್ಷದಲ್ಲಿ ಒಬ್ಬ ರೋಗಿಯನ್ನೂ ಮುಟ್ಟಿ ಪಟ್ಟಿ ಕಟ್ಟಿದ್ದನ್ನು ನಾನು ಕಂಡಿಲ್ಲ ಎಂದರು. ಚಹಾದ ಗ್ಲಾಸಿನ ಮಾತನ್ನೂ ಹೇಳಿದರು. ತಮ್ಮ ಹೆಸರು ಹಾಕಬೇಡಿ ಎಂದೂ ಕೇಳಿಕೊಂಡರು.

'ಮುಟ್ಟದ ಮಹಾತಾಯಿ' ಎಂದು ಭಾನುವಾರ ಅಚ್ಚಾಯಿತು. ಮಂಡಳಿ ವಿಚಾರಣೆಗೆ ದಿನ ಗೊತ್ತುಮಾಡಿತು. ಸುಪ್ರಭಾ ಯಾರ ಮೇಲೂ ರೇಗಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ರಾಜೀನಾಮೆ ಬರೆದು ಮೇಜಿನ ಮೇಲಿಟ್ಟರು. ಆ ವಾರವೆಲ್ಲ ಇಂದುಮತಿಯವರಿಗೆ ಊಟ ರುಚಿಸಿತು, ನಿದ್ದೆ ಬಂತು. ಅದನ್ನು ಹೇಳುವಾಗ ಅವರು ನೆಲ ನೋಡುತ್ತಾರೆ.

ವಿಚಾರಣೆಗೆ ಎರಡು ದಿನ ಮೊದಲು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಸುಪ್ರಭಾ ಡ್ರೆಸ್ಸಿಂಗ್ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. ಬಲಗೈಗೆ ಕರವಸ್ತ್ರ ಸುತ್ತಿತ್ತು.

"ಇಂದು, ಇದನ್ನು ಸ್ವಲ್ಪ ನೋಡು. ಸ್ಟೋವಿನ ಮೇಲಿನ ಪಾತ್ರೆ ಇಳಿಸಿದೆ. ಆಮೇಲೆ ವಾಸನೆ ಬಂತು, ಆಗ ನೋಡಿಕೊಂಡೆ."

ಕರವಸ್ತ್ರ ಬಿಚ್ಚಿದರೆ ಅಂಗೈ ಬೆಂದು ಬೊಬ್ಬೆ ಒಡೆದಿತ್ತು. ಇಂದುಮತಿ ಸತ್ತ ಚರ್ಮವನ್ನು ಕತ್ತರಿಸಿದರು. ಎದುರಿಗಿದ್ದವರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಕತ್ತರಿಯ ಮೊನೆಯನ್ನು ಬೇಕೆಂದೇ ಕಿರುಬೆರಳಿನ ಬುಡಕ್ಕೆ ಒತ್ತಿದರು. ಸುಪ್ರಭಾ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು.

"ಎಷ್ಟು ವರ್ಷವಾಯ್ತು?" ಇಂದುಮತಿ ಕತ್ತರಿಯನ್ನು ಕೆಳಗಿಟ್ಟರು.

"ಹದಿನಾಲ್ಕರ ಹುಡುಗಿಯಾಗಿದ್ದಾಗಿನಿಂದ. ಬಾಂಕುರಾ ಕಡೆಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಅಪ್ಪ ಬಿಟ್ಟುಹೋದ. ರೋಗ ವಾಸಿಯಾಯಿತು, ಕೈಯ ಸ್ಪರ್ಶ ಮರಳಲಿಲ್ಲ. ಬಿಸ್ವಾಸ್ ಪಾದ್ರಿಗಳಿಗೆ ಮಾತ್ರ ಗೊತ್ತಿತ್ತು."

"ನಮಗ್ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಪಾರ್ಟಿ ಆಫೀಸಿನಲ್ಲಿ ನನಗೆ ಕುರ್ಚಿ ಕೊಡುತ್ತಿದ್ದರಾ, ಇಂದು? ನಾನು ಕೂತ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಿದ್ದರಾ? ಯಾರಾದರೂ ಒಬ್ಬರು ಅಲ್ಲಿ ಕೂರಲೇಬೇಕಿತ್ತು."

ಕೈಗೆ ಸ್ಪರ್ಶವಿಲ್ಲದವರು ಬಿಸಿ ಗ್ಲಾಸನ್ನು ಬಟ್ಟೆ ಸುತ್ತಿ ಹಿಡಿಯಬೇಕು, ಕತ್ತರಿ ಹಿಡಿಯಬಾರದು, ಕುದಿನೀರಿನಿಂದ ದೂರವಿರಬೇಕು. ಹೊಸ ರೋಗಿಗಳಿಗೆಲ್ಲ ಇಂದುಮತಿ ಮೊದಲ ದಿನ ಕಲಿಸುವ ಪಾಠವೇ ಅದು. "ಸಾವಿರಾರು ಕೈ ನೋಡಿದವಳು ನಾನು. ಅವಳ ಕೈ ಒಂದನ್ನ ನೋಡ್ಲಿಲ್ಲ. ಕುರ್ಚಿ ನೋಡ್ತಾ ಇದ್ದೆನಲ್ಲ!" ಎನ್ನುತ್ತಾರೆ. ಮಾತಿನ ಬಿಸಿಗೆ 'ಅವರು' ಹೋಗಿ 'ಅವಳು' ಬಂದದ್ದು ಅವರ ಗಮನಕ್ಕೆ ಬರುವುದಿಲ್ಲ.

ಮಂಡಳಿಯ ಮುಂದೆ ಇಂದುಮತಿಯೇ ಎದ್ದು ನಿಂತರು. ಪತ್ರಿಕೆಗೆ ಹೇಳಿದ್ದು ನಾನು, ಹೊಟ್ಟೆಕಿಚ್ಚಿನಿಂದ ಹೇಳಿದೆ, ಅವರು ಮುಟ್ಟದಿರುವುದಕ್ಕೆ ಕಾರಣವಿದೆ, ಅದನ್ನು ಹೇಳುವ ಹಕ್ಕು ನನಗಿಲ್ಲ ಎಂದರು. ಮಂಡಳಿ ರಾಜೀನಾಮೆಯನ್ನು ಹಿಂದಿರುಗಿಸಿತು. ಇಂದುಮತಿಯವರನ್ನು ಹೆಡ್ ನರ್ಸ್ ಕೆಲಸದಿಂದ ಇಳಿಸಿ ಒಂದು ವರ್ಷ ರೋಗಿಗಳಿಗೆ ಚಪ್ಪಲಿ ತಯಾರಿಸುವ ಶೆಡ್ಡಿಗೆ ಹಾಕಿತು. ಸುಪ್ರಭಾ ಒಂದು ಮಾತು ಆಡಿದ್ದರೆ ಶಿಕ್ಷೆ ತಪ್ಪುತ್ತಿತ್ತು. ಆಡಲಿಲ್ಲ. "ತಪ್ಪಿಸಿದ್ದರೆ ನೀನು ಅದಕ್ಕೂ ನನ್ನನ್ನು ಕ್ಷಮಿಸುತ್ತಿರಲಿಲ್ಲ" ಎಂದರಂತೆ, ಆಮೇಲೆ.

ಆ ಒಂದು ವರ್ಷದಲ್ಲಿ ಇಂದುಮತಿ ಮೆತ್ತನೆಯ ರಬ್ಬರಿನ ಅಟ್ಟೆ ಕತ್ತರಿಸುವುದನ್ನು ಕಲಿತರು. ಪ್ರತಿಯೊಬ್ಬರ ಅಂಗಾಲಿನ ಗುಂಡಿ-ದಿಬ್ಬಗಳನ್ನು ಕಾಗದದ ಮೇಲೆ ಗುರುತಿಸಿಕೊಂಡು, ಗಾಯವಾಗುವ ಜಾಗಕ್ಕೆ ಭಾರ ಬೀಳದ ಹಾಗೆ ಅಟ್ಟೆ ಕೊರೆಯುವುದು ಅವರದೇ ಉಪಾಯ. ಇವತ್ತಿಗೂ ಶೆಡ್ಡಿನಿಂದ ವಾರಕ್ಕೆ ಹದಿನೆಂಟು ಜೊತೆ ಹೊರಬೀಳುತ್ತದೆ. ಕಾಲು ಕತ್ತರಿಸಬೇಕಾಗಿ ಬರುವವರು ಮೊದಲು ವರ್ಷಕ್ಕೆ ಏಳೆಂಟು ಮಂದಿ. ಕಳೆದ ವರ್ಷ ಒಬ್ಬರು.

ಇಷ್ಟಾದ ಮೇಲೆ ಕಿಚ್ಚು ಆರಿತೇ? ಇಂದುಮತಿ ಜೋರಾಗಿ ನಗುತ್ತಾರೆ. "ಎಲ್ಲಿಂದ! ಜಾಸ್ತಿ ಆಯ್ತು. ಮೊದಲು ಕುರ್ಚಿಗೆ ಹೊಟ್ಟೆಕಿಚ್ಚು. ಆಮೇಲೆ ಅವಳ ಒಳ್ಳೆತನಕ್ಕೆ. ಕುರ್ಚಿಯಾದ್ರೆ ಒಂದು ದಿನ ಸಿಕ್ಕೀತು. ಅದು ಎಲ್ಲಿ ಸಿಕ್ತದೆ?"

ಕುರ್ಚಿ ಸಿಕ್ಕಿದ್ದು ೨೦೦೩ರಲ್ಲಿ, ಸುಪ್ರಭಾರೇ ಹೆಸರು ಸೂಚಿಸಿ. ಬೀಳ್ಕೊಡುಗೆಯ ದಿನ ಅವರು ಸಭೆಯ ಮುಂದೆ ಎರಡೂ ಕೈ ಎತ್ತಿ ತಮ್ಮ ಕತೆಯನ್ನು ತಾವೇ ಹೇಳಿದರು. ಇನ್ನು ಯಾವ ಆಫೀಸಿಗೂ ಹೋಗಬೇಕಾಗಿಲ್ಲ, ಹಾಗಾಗಿ ಹೇಳುತ್ತಿದ್ದೇನೆ ಎಂದರು. ಜನ ಎದ್ದು ನಿಂತರು. "ಅವತ್ತು ಮುಖ್ಯಸ್ಥೆ ಆದವಳು ನಾನು. ಚಪ್ಪಾಳೆ ಅವಳಿಗೆ!"

ಈಗ ಸಾಲ್ಟ್ ಲೇಕಿನ ಕಚೇರಿಗಳಲ್ಲಿ ಕೂರುವ ಸರದಿ ಇಂದುಮತಿಯದು. ಒಂಬತ್ತಾದರೆ ಬಸ್ಸು ಹಿಡಿಯಬೇಕು. ಒಂದು ಸಹಿಗೆ ಮೂರು ಮಹಡಿ ಹತ್ತಿಳಿಯಬೇಕು. ಏಳು ವಾರ ಕುರ್ಚಿಯಲ್ಲಿ ಕೂರುವುದು ಎಂಥ ಕೆಲಸವೆಂದು ನಾಲ್ಕು ವರ್ಷದಿಂದ ಗೊತ್ತಾಗುತ್ತಿದೆ. ಬೆಳಗಿನ ಐದರಿಂದ ಎಂಟರವರೆಗಿನ ಜಗಲಿಯನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಟ್ಟಿಲ್ಲ. ತುಳಸಿ ಎಂಬ ಹೊಸ ನರ್ಸಿನ ಕೈ ಬಹಳ ಹಗುರವೆಂದು ರೋಗಿಗಳು ಹೊಗಳುತ್ತಾರೆ. ಅದನ್ನು ಕೇಳಿದರೆ ಇಂದುಮತಿ ಬೋಗುಣಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

ಎಂಟು ಗಂಟೆಗೆ ಜಗಲಿಯ ಕೆಲಸ ಮುಗಿಯುತ್ತದೆ. ಇಂದುಮತಿ ಹಿಂಬದಿಯ ಕೋಣೆಗೆ ಹೋಗುತ್ತಾರೆ. ಬೀಳ್ಕೊಡುಗೆಯ ಮೇಲೂ ಇಲ್ಲೇ ಉಳಿದ ಅರವತ್ತನಾಲ್ಕರ ಸುಪ್ರಭಾ ಕಿಟಕಿಯ ಬಳಿ ಕೂತಿದ್ದಾರೆ. ಕೇಳದೆಯೇ ಎರಡೂ ಕೈ ಮುಂದೆ ಚಾಚುತ್ತಾರೆ. ಇಂದುಮತಿ ಅಂಗೈ ಮಗುಚಿ, ಬೆರಳ ಸಂದಿ ಬಿಡಿಸಿ, ಉಗುರಿನ ಬುಡದವರೆಗೂ ನೋಡಿ ಎಣ್ಣೆ ಹಚ್ಚುತ್ತಾರೆ.

"ತುಳಸಿಯೂ ಚೆನ್ನಾಗಿ ನೋಡುತ್ತಾಳೆ" ಎನ್ನುತ್ತಾರೆ ಸುಪ್ರಭಾ, ತುಟಿಯಲ್ಲೇ ನಗುತ್ತ.

"ತುಳಸಿ ಯಾಕೆ ನೋಡ್ಬೇಕು? ನಾನು ಸತ್ತಿದ್ದೇನಾ?"

ಹೊರಗೆ ಬಂದು ಕೈ ಒರೆಸಿಕೊಳ್ಳುವಾಗ ಇಂದುಮತಿ ಹೇಳುತ್ತಾರೆ: "ಫೋಟೋ, ಹಾರ, ಚಪ್ಪಾಳೆ ಎಲ್ಲ ಅವಳದೇ ಇರ್ಲಿ ಮಾರಾಯ್ರೆ. ಆದ್ರೆ ಆ ಸುಟ್ಟ ಗಾಯ ವಾಸಿ ಆದ ಮೇಲೆ ಹದಿನೈದು ವರ್ಷ ಆಯ್ತು. ಅವಳ ಕೈಗೆ ಇನ್ನೊಂದು ಬೊಬ್ಬೆ ಬರ್ಲಿಕ್ಕೆ ನಾನು ಬಿಡ್ಲಿಲ್ಲ."