ಅವ್ವನ ಚಾಳೀಸಿನ ನಂಬರು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಪುಕ್ಕಟೆ ಬಂದದ್ದಲ್ಲ ಅದು. ನನ್ನ ನಂತರ ಮನೆಯಲ್ಲಿ ಅಕ್ಷರ ಕಲಿತವಳು ನನ್ನ ಅವ್ವ, ಅದೂ ಐವತ್ತು ದಾಟಿದ ಮೇಲೆ. ನಮ್ಮ ಊರು ಬೀಡಿಯಲ್ಲಿ, ನಮ್ಮ ಓಣಿಯ ಗುಡಿಯಲ್ಲಿ ಸಂಜೆ ದೊಡ್ಡವರಿಗೆ ಓದು ಬರಹ ಕಲಿಸುತ್ತಿದ್ದರು. ಅವ್ವ ಹೊಲದಿಂದ ಬಂದು, ರೊಟ್ಟಿ ಬಡಿದಿಟ್ಟು, ಪಾಟಿ ಹಿಡಿದು ಹೋಗುತ್ತಿದ್ದಳು. ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ದಿನ ಓಣಿಗೆಲ್ಲ ಸಕ್ಕರೆ ಹಂಚಿದಳು. ಅವಳಿಗಿದ್ದ ಆಸೆ ಒಂದೇ. ಸೋಮವಾರದ ಭಜನೆಯಲ್ಲಿ ತಾನೇ ಪುಸ್ತಕ ಹಿಡಿದು ಒಂದು ಪದ ಹೇಳಬೇಕು, ಉಳಿದ ಹೆಂಗಸರು ತನ್ನ ಹಿಂದೆ ಹೇಳಬೇಕು.

ಪಾಠದ ಪುಸ್ತಕದ ದಪ್ಪ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ಭಜನೆಯ ಪುಸ್ತಕದ ಸಣ್ಣ ಅಕ್ಷರ ಮಾತ್ರ ಮಸಕು ಮಸಕು. ಚಾಳೀಸು ಬೇಕಾಯಿತು, ಓದುವ ಕನ್ನಡಕಕ್ಕೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ನಾನು ಆಗಷ್ಟೇ ಬೆಳಗಾವಿಯಲ್ಲಿ ನೌಕರಿಗೆ ಸೇರಿ, ಖಾಸಬಾಗದಲ್ಲಿ ಖೋಲಿ ಹಿಡಿದಿದ್ದೆ. ನನ್ನ ರಜೆಯ ದಾರಿ ಕಾಯದೆ ಅವ್ವ ಖಾನಾಪುರದ ಸಂತೆಗೆ ಹೋದಾಗ ಅಲ್ಲಿಯ ಅಂಗಡಿಯೊಂದರಲ್ಲಿ ಕಣ್ಣು ತೋರಿಸಿ ತಾನೇ ಮಾಡಿಸಿ ತಂದಳು.

ಅದನ್ನು ಏರಿಸಿದರೆ ತಲೆ ಸಿಡಿಯುತ್ತಿತ್ತು. ಪುಸ್ತಕ ಮೂಗಿಗೆ ತಂದರೆ ಒಂದೊಂದು ಅಕ್ಷರ ಕುಂಬಳಕಾಯಿ, ತೊಡೆಯ ಮೇಲಿಟ್ಟರೆ ಎಲ್ಲ ಕಲಸಿದ ಹಿಟ್ಟು. ಭಜನೆಯಲ್ಲಿ ಅವಳ ಸರದಿ ಬಂದ ದಿನ ಮೊದಲ ಸಾಲು ಅರ್ಧಕ್ಕೇ ನಿಂತಿತು. ಬಾಜು ಕುಳಿತ ಮುದುಕಿ, "ಚಾಳೀಸ ಬಂತು, ಅಕ್ಷರ ಊರ ಬಿಟ್ಟುವಲ್ಲ ಬೇ" ಅಂದಳಂತೆ. ಎಲ್ಲರೂ ನಕ್ಕರಂತೆ. ಅವ್ವನೂ ನಕ್ಕಳಂತೆ.

ಮನೆಗೆ ಬಂದವಳೇ ಪುಸ್ತಕ, ಪಾಟಿ ಎರಡನ್ನೂ ಟ್ರಂಕಿನ ತಳಕ್ಕೆ ಹಾಕಿದಳು. ತನ್ನ ತಲೆಗೆ ವಿದ್ಯೆ ಹತ್ತುವಂಥದ್ದಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಊರಿಗೆ ಹೋದಾಗ ನಾನು ಕೇಳಿದರೆ ಎಮ್ಮೆಯ ಮಾತೋ ಮಳೆಯ ಮಾತೋ ತೆಗೆಯುತ್ತಿದ್ದಳು. ಈ ವಯಸ್ಸಿನಲ್ಲಿ ಸಾಲಿ ಯಾಕೆ ಬೇಕಿತ್ತು ಎಂದು ಅಪ್ಪ ಉಣ್ಣುವಾಗೊಮ್ಮೆ ಅನ್ನುತ್ತಿದ್ದ.

ಎರಡು ಶ್ರಾವಣ ಹೀಗೇ ಹೋದವು. ಹಲ್ಲು ತೋರಿಸಲೆಂದು ಅವ್ವ ಬೆಳಗಾವಿಗೆ ಬಂದಾಗ, ಬೇಡ ಬೇಡ ಎಂದರೂ ಅವಳನ್ನು ಒಂದು ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದೆ. ಅಂಗಡಿಯವರು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಓದಿಸುವ ಹಾಳೆ ತೆಗೆಯುತ್ತಾ ಕನ್ನಡದ್ದು ಕೊಡಲೋ ಮರಾಠಿಯದ್ದು ಕೊಡಲೋ ಎಂದು ಕೇಳಿದರು.

ಅವ್ವ ನನ್ನ ಮುಖ ನೋಡಿದಳು. "ಖಾನಾಪುರದಾಗ ಹಿಂಗ ಯಾರೂ ಕೇಳ್ಲಿಲ್ಲ."

ಅಲ್ಲಿ ಕೊಟ್ಟ ಹಾಳೆಯಲ್ಲಿ ಅಕ್ಷರ ಹೇಗಿದ್ದವು ಎಂದು ಕೇಳಿದೆ.

"ಸೀರಿ ಒಣಹಾಕಿಧಂಗ ಇದ್ದುವು. ಎಲ್ಲಾ ಒಂದ ಹಗ್ಗಕ್ಕ ಜೋತಬಿದ್ದಿದ್ದುವು."

ತಲೆಯ ಮೇಲೆ ಗೆರೆ ಎಳೆದ ಅಕ್ಷರ. ಅವರು ಕೊಟ್ಟದ್ದು ಮರಾಠಿ ಹಾಳೆ. ಸಂತೆಯಲ್ಲಿ ಅವ್ವ ಮರಾಠಿ ಮಾತಾಡುವ ಸರಾಗ ಕೇಳಿದರೆ ಯಾರಾದರೂ ಅದನ್ನೇ ಕೊಟ್ಟಾರು. ಇವಳೋ, ಸಣ್ಣ ಅಕ್ಷರ ಕಣ್ಣು ಮಂಜಾದವರಿಗೆ ಹಾಗೆ ಕಾಣುತ್ತವೆ ಅಂದುಕೊಂಡಳು. ಸಹಿ ಮಾಡುವ ಹೆಂಗಸು, ಓದಲು ಬರುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಹಾಕಿದ ಗಾಜಿಗೆಲ್ಲ ಕಾಣಸವಲ್ದು, ಕಾಣಸವಲ್ದು ಅಂದಳು. ಅವರು ನಂಬರು ಏರಿಸುತ್ತಲೇ ಹೋದರು.

"ಇದು ನಾ ಕಲತ ಅಕ್ಷರ ಅಲ್ಲಂತ ಹೇಳಬಾರದಿತ್ತೇನ ಯವ್ವಾ?" ಅಂದೆ ನಾನು.

"ಹೆಂಗ ಹೇಳ್ಲಿ? ಸಾಲಿಗೆ ಹೋದಾಕಿ ನಾ."

ಅಂಗಡಿಯವರು ಕನ್ನಡದ ಹಾಳೆ ಅವಳ ಕೈಗಿತ್ತು ಒಂದೊಂದೇ ಗಾಜು ಬದಲಿಸಿದರು. ಹಳೆಯದರ ಅರ್ಧದಷ್ಟೂ ಇರಲಿಲ್ಲ ಸರಿಯಾದ ನಂಬರು. ಅದನ್ನು ಕೂರಿಸಿದಾಗ ಅವ್ವ ಹಾಳೆಯನ್ನು ತಾನಾಗಿ ಸರಿಯಾದ ದೂರಕ್ಕೆ ಹಿಡಿದಳು. ಹಣೆಯ ಗಂಟು ಬಿಚ್ಚಿತು. ಬೆರಳು ಮೊದಲ ಅಕ್ಷರದ ಮೇಲಿಟ್ಟಳು. ಬೆರಳು ಎರಡನೆಯದಕ್ಕೆ ಹೋಯಿತು, ಮೂರನೆಯದಕ್ಕೆ ಹೋಯಿತು, ತಿರುಗಿ ಮೊದಲನೆಯದಕ್ಕೆ ಬಂತು. ತುಟಿ ಅಲುಗಲಿಲ್ಲ.

"ಎಷ್ಟ ಚಂದ ಕಾಣಸ್ತಾವ ಯವ್ವಾ," ಅಂದಳು. "ಒಂದೂ ಗುರ್ತ ಸಿಗವಲ್ದು."

ನಂಬರು ಕೂಡಲಿಲ್ಲ ಎಂದುಕೊಂಡು ಅಂಗಡಿಯವರು ಇನ್ನೊಂದು ಗಾಜಿಗೆ ಕೈ ಹಾಕಿದರು.

"ಬ್ಯಾಡ್ರಿ ಅಣ್ಣಾರ. ನಂಬರ ಬರೋಬ್ಬರಿ ಐತಿ."

ಬಸ್‌ಸ್ಟ್ಯಾಂಡಿನ ತನಕ ನಾನೊಬ್ಬಳೇ ಮಾತಾಡಿದೆ. ಎರಡು ವರ್ಷದಲ್ಲಿ ಮರೆತರೆ ಮರೆಯಲಿ, ಮತ್ತೆ ಅ ಆ ಇಂದ ಶುರು ಮಾಡೋಣ, ಪ್ರತಿ ರವಿವಾರ ಬಂದು ನಾನೇ ಕಲಿಸುತ್ತೇನೆ, ನಿನಗೇನು ಮಹಾ ವಯಸ್ಸು ಎಂದೆಲ್ಲ. ಖಾನಾಪುರದ ಬಸ್ಸು ಬಂದಾಗ ಅವ್ವ ಮೆಟ್ಟಿಲ ಮೇಲೆ ನಿಂತು, ನನ್ನ ಕಡೆ ತಿರುಗದೆಯೇ, "ನಕ್ಕಿದ್ದ ಮಂದಿ ಇನ್ನೂ ಅದಾರ" ಅಂದಳು.

ಆ ಚಾಳೀಸನ್ನು ಅವ್ವ ಅಕ್ಕಿಯಲ್ಲಿಯ ಹಳ್ಳು ಆರಿಸುವಾಗ ಹಾಕಿಕೊಳ್ಳುತ್ತಿದ್ದಳು. ಭಜನೆಗೆ ಹೋಗುವಾಗ ಮರೆಯದೆ ಮನೆಯಲ್ಲಿಟ್ಟು ಹೋಗುತ್ತಿದ್ದಳು.