ಸ್ಟೆನ್ಸಿಲ್ ಹಾಳೆಯಲ್ಲಿ ಅಳಿಸಿದ ಹೆಸರು

ಆ ರವಿವಾರ ಮಧ್ಯಾಹ್ನ ಪುಣೆ ಮಗ್ಗುಲಿನ ಚಿಂಚವಾಡದ ಎರಡು ಖೋಲಿಯ ಆ ಮನೆಯಲ್ಲಿ ನಾವು ನಾಲ್ಕು ಮಂದಿ ಸೇರಿದ್ದೆವು. ಮನೆಯ ಯಜಮಾನ ರಾಘಣ್ಣ, ನಾನು ದುಡಿಯುವ ಕಾರಖಾನೆಯವನೇ. ಎಲೆ-ಅಡಿಕೆ ತರಲು ಆಗಷ್ಟೇ ಕೆಳಗಿಳಿದಿದ್ದ. ಅವನ ಅಕ್ಕ ಗಿರಿಜಾಬಾಯಿ ಒಳಗೆ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಳು. ಮಡಚುವ ಖುರ್ಚಿಯ ಮೇಲೆ ಹೊಟೇಲಿನ ಶೆಟ್ಟರು ಕೂತಿದ್ದರು. ಅವರೆದುರು ನಾನು. ಶೆಟ್ಟರು ಕೈಯಲ್ಲಿದ್ದ ನಮ್ಮ ಕನ್ನಡ ಸಂಘದ ಪತ್ರಿಕೆ ತೋರಿಸಿ, “ಇದರಲ್ಲಿ ಬರ್ದದ್ದೆಲ್ಲ ನಿಮ್ಮದೇ ಸ್ವಂತ ವಿಚಾರವಾ ಮಾರಾಯ್ರೇ?” ಎಂದು ಕೇಳಿದರು.

“ಹೌದ್ರಿ, ಎಲ್ಲಾ ನಂದೇ,” ಎಂದೆ.

ಸುಳ್ಳು. ಅಕ್ಷರ ನನ್ನದು, ಅಷ್ಟೇ. ವಿಚಾರ, ವಾದ, ಆ ಚುರುಕು ಮಾತು — ಎಲ್ಲ ಗೋಡೆಯಾಚೆ ಚಹಾ ಕಾಸುತ್ತಿದ್ದ ಹೆಣ್ಣುಮಗಳದು. ಸ್ಟೋವಿನ ಸದ್ದಿನಲ್ಲಿ ಅವಳಿಗೆ ನನ್ನ ಮಾತು ಕೇಳಿಸಲಿಲ್ಲ. ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ.

ನಾನು ಕನ್ನಡ ಕಲಿತದ್ದು ನಮ್ಮ ಅಜ್ಜಿಯ ಮಗ್ಗುಲಲ್ಲಿ. ಕಥೆ ಶುರು ಮಾಡುವ ಮುಂಚೆ ಅಜ್ಜಿ ತಪ್ಪದೆ ಹೇಳುತ್ತಿದ್ದಳು: “ಇದು ನಮ್ಮ ಸೋದರತ್ತಿ ಹೇಳಿದ್ದು”, “ಇದು ಬಳಿಗಾರ ಮಲ್ಲವ್ವ ಹೇಳಿದ್ದು”. ಹೇಳಿದವರ ಹೆಸರು ಮೊದಲು, ಕಥೆ ಆಮೇಲೆ. ಅಜ್ಜಿಯ ಮಾತೆಲ್ಲ ಕಲಿತೆ. ಆ ಒಂದು ರೂಢಿ ಮಾತ್ರ — ಇರಲಿ, ಮೊದಲಿಂದ ಹೇಳುತ್ತೇನೆ.

ಎಂಬತ್ತರ ದಶಕದ ಶುರುವಿನ ಮಾತು. ರಾಘಣ್ಣನ ಹೆಂಡತಿಯ ತಮ್ಮ ಮಸ್ಕತ್ತಿನಿಂದ ಬರುವಾಗ ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆ ತಂದಿದ್ದ. ಕರಿ ಪೆಟ್ಟಿಗೆ, ಒಂದು ಹಿಡಿಕೆ, ಒಂದು ಕೆಂಪು ಗುಂಡಿ, ಜೊತೆಗೆ ಒಂದೊಂದರಲ್ಲಿ ಒಂದೊಂದು ಆಟವಿರುವ ಎಂಟು-ಹತ್ತು ಕ್ಯಾಸೆಟ್. ಕಾಲೊನಿಯವರು ಒಂದು ವಾರ ಮುಗಿಬಿದ್ದು ಆಡಿ ಬಿಟ್ಟರು. ಬಿಡದೆ ಆಡಿದವಳು ಗಿರಿಜಕ್ಕ. ಗಂಡ ತೀರಿಕೊಂಡ ಮೇಲೆ ಸೊಲ್ಲಾಪುರದಿಂದ ತಮ್ಮನ ಮನೆಗೆ ಬಂದಿದ್ದಳು. ಮೂವತ್ತೈದರ ಆಜುಬಾಜು. ಮಧ್ಯಾಹ್ನ ಭಾಂಡೆ ತಿಕ್ಕಿ, ಕೈ ಒರೆಸಿಕೊಂಡು ಆ ಕಪ್ಪು-ಬಿಳುಪು ಟೀವಿಯ ಮುಂದೆ ಕೂತಳೆಂದರೆ — ಆ ಬೆರಳುಗಳನ್ನು ನೀವು ನೋಡಬೇಕಿತ್ತು.

ಆಡುವುದಕ್ಕಿಂತ ಹೆಚ್ಚು ಅವಳು ಆಟಗಳನ್ನು ತೂಗುತ್ತಿದ್ದಳು. “ನೋಡ್ರಿ ವಸಂತರಾವ್, ಈ ಆಟದಾಗ ಸೋತರ ‘ಛೇ, ನಾನs ತಪ್ಪಿದೆ’ ಅನಸ್ತದ. ಅದಕ್ಕ ಮತ್ತ ಆಡ್ತೀವಿ. ಆ ಇನ್ನೊಂದರಾಗ ಸೋತರ ‘ಪೆಟ್ಟಿಗೀನs ನನ್ನ ಸೋಲಿಸ್ತು’ ಅನಸ್ತದ. ಅದು ಮೋಸದ ಆಟ. ತಗದ ಒಗೀರಿ.” ಕ್ಯಾಸೆಟ್ ಡಬ್ಬಿಯ ಮೇಲಿನ ಬಣ್ಣದ ಚಿತ್ರ ನೋಡಿ ನಗುತ್ತಿದ್ದಳು: “ಹೊರಗ ರಾಜಕುಮಾರ, ಒಳಗ ಎರಡು ಚುಕ್ಕಿ ಒಂದು ಗೀಟು. ಫೋಟೋ ನೋಡಿ ವರನ್ನ ಒಪ್ಪಿದಂಗ ಆತು!”

ನಮ್ಮ ಕನ್ನಡ ಸಂಘಕ್ಕೊಂದು ಸೈಕ್ಲೋಸ್ಟೈಲ್ ಮಾಸಿಕವಿತ್ತು. ಅದರ ಸ್ಟೆನ್ಸಿಲ್ ಕೊರೆಯುವ ಕೆಲಸ ನನ್ನದು — ಮೇಣದ ಹಾಳೆಯ ಮೇಲೆ ಮೊನಚು ಕಡ್ಡಿಯಿಂದ ಬರೆಯುವುದು; ಕೊರೆದಲ್ಲಿ ಮಸಿ ಇಳಿದು ಪ್ರತಿಗಳು ಅಚ್ಚಾಗುತ್ತವೆ. ಒಂದು ತಿಂಗಳು ಅರ್ಧ ಪುಟ ಖಾಲಿ ಉಳಿಯಿತು. ಗಿರಿಜಕ್ಕನ ಮಾತು ನೆನಪಾಗಿ ‘ಪರದೆಯ ಆಟ’ ಎಂದು ತಲೆಬರಹ ಹಾಕಿ ಬರೆದೆ. ಮೊದಲ ಸಾಲಿನಲ್ಲೇ ಅವಳ ಹೆಸರು ಕೊರೆದಿದ್ದೆ, ದೇವರಾಣೆ. ಕೊರೆದು, ಓದಿ ನೋಡಿದೆ. ಆಮೇಲೆ ತಪ್ಪು ತಿದ್ದುವ ಕೆಂಪು ದ್ರವದ ಕುಂಚ ತೆಗೆದು ಆ ಹೆಸರಿನ ಮೇಲೆ, ಅದರ ಮುಂದಿನ ‘ಹೇಳುವಂತೆ’ಯ ಮೇಲೂ ಸವರಿದೆ.

ಗಂಡ ಸತ್ತವಳು ದಿನಾ ಆಟ ಆಡುತ್ತಾಳೆಂದರೆ ಮಂದಿ ಏನಂದಾರು, ಅವಳ ಒಳ್ಳೆಯದಕ್ಕೇ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಹೆಸರು ತೆಗೆದು ಓದಿದಾಗ ಆ ಸಾಲು ನನ್ನದೆನ್ನಿಸಿತು. ಆ ರುಚಿ ಹತ್ತಿತು.

ದ್ರವ ಸವರಿದಲ್ಲಿ ಮಸಿ ಇಳಿಯುವುದಿಲ್ಲ. ಅಚ್ಚಾದ ಹಾಳೆಯಲ್ಲಿ ಆ ಸಾಲಿನ ನಡುವೆ ಎರಡು ಬೆರಳಗಲ ಬಿಳಿ ಜಾಗ ಉಳಿಯಿತು. ಯಾರೂ ಅದನ್ನು ಗಮನಿಸಲಿಲ್ಲ.

ಗಿರಿಜಕ್ಕನೂ ಗಮನಿಸುವಂತಿರಲಿಲ್ಲ. ಅಕ್ಕ-ತಮ್ಮ ಇಬ್ಬರೂ ಕಲಿತದ್ದು ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ ನೀರಿನಂತೆ ಹರಿಯುತ್ತಿತ್ತು. ಅಕ್ಷರ ಮಾತ್ರ ಒಂದೂ ಬಾರದು. ಪುಣೆಯ ನಮ್ಮಂಥವರ ಎಷ್ಟೋ ಮನೆಗಳಲ್ಲಿ ಹೀಗೇ.

“ಓದ್ರಿ, ನಾ ಏನ್ ಹೇಳೀನಿ ಕೇಳೋಣು,” ಎಂದು ಎದುರು ಕೂತಳು. ಓದಿದೆ. ಬಿಳಿ ಜಾಗ ಬಂದಾಗ ಬಾಯಿ ತಾನಾಗಿಯೇ “ಗಿರಿಜಾಬಾಯಿ ಹೇಳುವಂತೆ” ಎಂದಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಯ್ಯ, ಹೆಸರೂ ಹಾಕೀರೇನು!” ಹಾಳೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ಮಡಚದೆ, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.

ಹೀಗೆ ಏಳೆಂಟು ತಿಂಗಳು. ಪ್ರತಿ ತಿಂಗಳು ಅವಳು ಹೇಳುವುದು, ನಾನು ಬರೆಯುವುದು, ಹಾಳೆಯಲ್ಲಿಲ್ಲದ ಹೆಸರನ್ನು ಅವಳಿಗೆ ಓದಿ ತೋರಿಸುವುದು. ಒಮ್ಮೆ ರದ್ದಿ ಅಂಗಡಿಯಿಂದ ತಂದ ವಿದೇಶಿ ಪತ್ರಿಕೆಯಲ್ಲಿದ್ದ ಹೊಸ ಆಟಗಳ ಜಾಹೀರಾತು ತೋರಿಸಿದೆ. ಪುಟ ತಿರುವಿ ತಿರುವಿ ನೋಡಿ ಅಂದಳು: “ಎಲ್ಲಾರೂ ಒಂದs ಆಟಕ್ಕ ಬ್ಯಾರೆ ಬ್ಯಾರೆ ಅಂಗಿ ತೊಡಿಸಿ ನಿಲ್ಲಿಸ್ಯಾರ. ಮಂದಿಗೆ ಲಗೂನ ಬ್ಯಾಸರಾಗ್ತದ, ನೋಡ್ತಿರ್ರಿ. ಈ ಧಂದೆ ಒಮ್ಮೆ ಮುಳಗ್ತದ.” ಬರೆದೆ. ಕೆಲವು ತಿಂಗಳಿಗೆ ಅದೇ ರದ್ದಿ ಅಂಗಡಿಯಲ್ಲಿ ಸಿಕ್ಕ ಇನ್ನೊಂದು ಪತ್ರಿಕೆ ಅದನ್ನೇ ಹೇಳಿತು: ಅಮೆರಿಕಾದಲ್ಲಿ ಕ್ಯಾಸೆಟ್ಟುಗಳು ಕೊಳ್ಳುವವರಿಲ್ಲದೆ ಗುಡ್ಡೆ ಬಿದ್ದಿವೆ. ಸಂಘದಲ್ಲಿ ನನ್ನ ಬೆನ್ನು ತಟ್ಟಿದರು. “ವಸಂತರಾವ್ ಮೊದಲೇ ಹೇಳಿದ್ರು” ಎಂದರು. ತಟ್ಟಿಸಿಕೊಂಡೆ.

ಅದನ್ನೋದಿ ಶೆಟ್ಟರು ಹುಡುಕಿಕೊಂಡು ಬಂದದ್ದು. ಪಿಂಪ್ರಿಯಲ್ಲಿದ್ದ ತಮ್ಮ ಹೊಟೇಲಿನ ಪಕ್ಕ ಟೀವಿ ಆಟದ ಒಂದು ಹಾಲ್ ತೆಗೆಯುವ ಆಸೆ ಅವರದು. ಒಳ್ಳೆಯ ಕ್ಯಾಸೆಟ್ ಆರಿಸಲು, ಬಂದವರಿಗೆ ಕಲಿಸಲು ಒಬ್ಬರು ಬೇಕಿತ್ತು. ಪೆಟ್ಟಿಗೆ ಇರುವ ಮನೆಯಲ್ಲೇ ಮಾತಾಡೋಣ ಎಂದು ರಾಘಣ್ಣನೇ ಕರೆದಿದ್ದ. ಹಿಂದಿನ ದಿನ ಗಿರಿಜಕ್ಕ ಅಂದಿದ್ದಳು: “ಕೆಲಸ ಆತಂದ್ರ ನಾ ಇಲ್ಲೇ ಇರ್ತೀನ್ರಿ. ಇಲ್ಲಾಂದ್ರ ದೀಪಾವಳಿ ಆದಮ್ಯಾಲ ಸೊಲ್ಲಾಪುರ. ಗಂಡನ ಮನ್ಯಾಗ ನಾ ಒಂದು ಒಲಿ ಇದ್ದಂಗ, ಅಷ್ಟs.” ತನ್ನ ಹೆಸರು ಓದಿಯೇ ಶೆಟ್ಟರು ಬರುತ್ತಿದ್ದಾರೆಂದು ಅವಳು ತಿಳಿದಿದ್ದಳು. ಅವತ್ತು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು.

‘ಎಲ್ಲಾ ನಂದೇ’ ಎಂದ ಮೇಲೆ ಶೆಟ್ಟರು ಇನ್ನೂ ಒಂದು ಮಾತು ಹೇಳಿದರು. “ಹೆಂಗಸ್ರೂ ಮಕ್ಕಳನ್ನು ಕರ್ಕೊಂಡು ಬರಬೇಕು ನೋಡಿ. ಅವರಿಗೆ ಹೇಳಿಕೊಡ್ಲಿಕ್ಕೆ ಒಬ್ಬರು ಹೆಂಗಸು ಸಿಕ್ಕಿದ್ರೆ ಇನ್ನೂ ಒಳ್ಳೇದಿತ್ತು. ನಿಮಗೆ ಯಾರಾದ್ರೂ ಗೊತ್ತುಂಟಾ?”

ಬಾಗಿಲು ಅಷ್ಟು ಅಗಲ ತೆರೆದಿತ್ತು. ಮೊದಲ ಸುಳ್ಳನ್ನು ಅಲ್ಲೇ ನುಂಗಿಬಿಡಬಹುದಿತ್ತು. “ಇಲ್ರಿ, ಅಂಥವರು ಯಾರೂ...” ಎಂದೆ.

ಗಿರಿಜಕ್ಕ ಚಹಾ ತಂದಳು. ಶೆಟ್ಟರು ಸಹಜವಾಗಿ ಕೇಳಿದರು, “ನೀವೂ ಆಡ್ತೀರಾ ಅಕ್ಕ?”

“ಹೂಂನ್ರಿ! ಇವರು ಬರದಾರಲ್ಲ, ಅದೆಲ್ಲಾ—”

ನಾನು ತಟ್ಟನೆ ಎದ್ದು ಹಿಡಿಕೆಯನ್ನು ಶೆಟ್ಟರ ಕೈಗಿಟ್ಟೆ. “ನೀವೊಮ್ಮೆ ಆಡಿ ನೋಡ್ರಲಾ.” ಅವರು ಸೋತರು, ನಕ್ಕರು, ಮೇಲೆ ಬಂದ ರಾಘಣ್ಣನ ಎಲೆ ಹಾಕಿಕೊಂಡು ಹೊರಟರು. ಮೆಟ್ಟಿಲವರೆಗೆ ಬಿಡುವಾಗ, ದಿನಾ ಸಂಜೆ ಹಾಲ್ ನೀವೇ ನೋಡಿಕೊಳ್ಳಿ ಎಂದರು; ಒಪ್ಪಿ ಬಂದೆ. ಗಿರಿಜಕ್ಕ ಕಪ್-ಬಸಿ ಹಿಡಿದು ನಿಂತೇ ಇದ್ದಳು.

“ಏನಂದ್ರು?”

“ಹೆಂಗಸರು ಬ್ಯಾಡ ಅಂದ್ರು ಅಕ್ಕ.”

“ಹೌದ್ರಿ, ಹಂಗs ಅಂತಾರ,” ಎಂದು ಒಳಗೆ ಹೋದಳು. ನಳದ ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು.

ನನಗೆ ನೌಕರಿ ಇತ್ತು. ಮನೆಯಿತ್ತು. ಆ ಆಟದ ಹಾಲ್ ನನಗೆ ಸಂಜೆಯ ಶೋಕಿ. ಅವಳಿಗೆ ಪುಣೆಯೆಂಬ ಊರೇ ಅದರ ಮೇಲೆ ನಿಂತಿತ್ತು. ದೀಪಾವಳಿ ಆದ ಮೇಲೆ ಅವಳು ಹೋದಳು. ಸ್ಟೇಶನ್ನಿಗೆ ನಾನು ಹೋಗಲಿಲ್ಲ.

ಹಾಲ್ ಒಂದು ವರ್ಷವೂ ನಡೆಯಲಿಲ್ಲ. ನಾನು ಡಬ್ಬಿಯ ಮೇಲಿನ ಚಿತ್ರ ನೋಡಿ ಕ್ಯಾಸೆಟ್ ಆರಿಸುತ್ತಿದ್ದೆ. ಅಲ್ಲಿ ಈಗ ಐಸ್‌ಕ್ರೀಮ್ ಮಾರುತ್ತೇವೆ ಎಂದು ಶೆಟ್ಟರು ನಗುತ್ತಲೇ ಹೇಳಿದರು. ಪತ್ರಿಕೆಯ ಅಂಕಣವನ್ನೂ ಅವಳು ಹೋದ ಎರಡು ತಿಂಗಳಲ್ಲಿ ನಿಲ್ಲಿಸಿದೆ. ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಐದಾರು ವರ್ಷ ಕಳೆದ ಮೇಲೆ ಒಂದು ಮದುವೆಗೆಂದು ಸೊಲ್ಲಾಪುರಕ್ಕೆ ಹೋದವನು ಅವಳ ಮನೆ ಹುಡುಕಿಕೊಂಡು ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಗಿರಿಜಕ್ಕ ಚಾಪೆ ಹಾಸಿದಳು, ನೀರು ಕೊಟ್ಟಳು, ಕಾರಖಾನೆಯ ಸುದ್ದಿ ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆಯೇ ಎದ್ದು ಟ್ರಂಕಿನಿಂದ ಒಂದು ಹಾಳೆ ತಂದಳು.

“ಬಾಜೂ ಮನಿ ಮಾಸ್ತರ ಹತ್ರ ಕನ್ನಡ ಕಲತೆ, ವಸಂತರಾವ್. ನನ್ನ ಹೆಸರು ನಾನs ಓದಬೇಕಂತ.”

ಆಮೇಲೆ ಓದತೊಡಗಿದಳು. ಒಂದೊಂದು ಅಕ್ಷರ ಕೂಡಿಸಿ, ಅಕ್ಷರದ ಕೆಳಗೆ ಬೆರಳು ಸರಿಸುತ್ತ. ಬೆರಳು ಆ ಬಿಳಿ ಜಾಗಕ್ಕೆ ಬಂದು ನಿಂತಿತು.

“ಇಲ್ಲಿ ಇತ್ತೇನ್ರಿ?”

“ಇತ್ತು. ನಾನೇ ಅಳಿಸಿದೆ. ಮುಂದಿನ ತಿಂಗಳ ಹಾಳಿಗಳಾಗ ಬರೀಲೇ ಇಲ್ಲ. ಹೆಂಗಸರು ಬ್ಯಾಡ ಅಂತ ಶೆಟ್ಟರೂ ಅಂದಿರಲಿಲ್ಲ.”

ಅವಳು ನನ್ನ ಕಿಸೆಯ ಕಡೆ ಕೈಚಾಚಿದಳು. ಪೆನ್ನು ಕೊಟ್ಟೆ. ಹಾಳೆಯನ್ನು ನೆಲದ ಮೇಲಿಟ್ಟು, ಬಗ್ಗಿ, ಆ ಬಿಳಿ ಜಾಗದಲ್ಲಿ ‘ಗಿರಿಜಾಬಾಯಿ’ ಎಂದು ನಿಧಾನವಾಗಿ ಬರೆದಳು. ದಪ್ಪ ಅಕ್ಷರದ ಹೆಸರು ಅಲ್ಲಿ ಸರಿಯಾಗಿ ಹಿಡಿಯಿತು. ಮಸಿ ಆರುವವರೆಗೆ ಕಾದಳು, ಹಾಳೆಯನ್ನು ಟ್ರಂಕಿನಲ್ಲಿಟ್ಟಳು, ಪೆನ್ನು ನನಗೆ ತಿರುಗಿ ಕೊಟ್ಟಳು. ಐದರ ಬಸ್ಸು ಸಿಗುತ್ತದೆ, ಈಗ ಹೊರಡಿರಿ ಎಂದಳು.